ಸುಝಾನಳ ಪಕ್ಕದ ಜಾಗ

ದಕ್ಷಿಣ ಫ್ರಾನ್ಸಿನ ನಮ್ಮ ಸೆವೆನ್ನೆ ಬೆಟ್ಟಗಳಿಂದ ಊರುಬಿಟ್ಟುಹೋದ ಹ್ಯೂಗೆನಾಟ್ ಎಂಬ ಪ್ರಾಟೆಸ್ಟಂಟ್ ಮನೆತನಗಳ ಮೂಲವನ್ನು ಅರಸಿಕೊಂಡು ದಕ್ಷಿಣ ಆಫ್ರಿಕದ ಕೇಪಿನಿಂದಲೋ ಅಮೆರಿಕದ ಕೆರೊಲಿನಾದಿಂದಲೋ ಯಾರೇ ಬರಲಿ, ಅವರು ಮೊದಲು ವಿಚಾರಿಸುವ ಹೆಸರು ಶ್ರೀ ಅಬೆಲ್ ಪಾಂತೆಲ್ ಅವರದು. ಈ ವಿಷಯವಾಗಿ ಗ್ರಂಥಗಳನ್ನು ಬರೆದವರು ಬೇರೆ ಇದ್ದಾರೆ. ಆದರೆ ವಂಶವೃಕ್ಷದ ಒಂದು ಹೆಸರನ್ನು ಒಂದು ಮನೆಯ ಹೊಸ್ತಿಲಿಗೆ, ಒಂದು ಹೊಲದ ಅಂಚಿಗೆ ತಂದು ನಿಲ್ಲಿಸುವ ವಿದ್ಯೆಯಲ್ಲಿ ಅವರಿಗೆ ಸರಿಸಾಟಿ ಇಲ್ಲ. ಈ ವಸಂತದಲ್ಲಿ ಅವರು ನಮ್ಮ ಕಣಿವೆಯ ದಾಖಲೆಮನೆಯಿಂದ ನಿವೃತ್ತರಾಗುತ್ತಿದ್ದಾರೆ. ಅವರ ಕೈಕೆಳಗೆ ಪಳಗಿದ ನನಗೆ ಸಂತೋಷಕ್ಕಿಂತ ಬೇಸರವೇ ಹೆಚ್ಚಾಗಿದೆ ಎಂದು ಮೊದಲೇ ಹೇಳಿಬಿಡುತ್ತೇನೆ.

ನಾನು ಕೆಲಸಕ್ಕೆ ಸೇರಿದಾಗ ಅವರು ನನ್ನನ್ನು ಕಾಗದಗಳ ಮುಂದೆ ಕೂರಿಸಲಿಲ್ಲ, ತಮ್ಮ ಹೊಲಕ್ಕೆ ಕರೆದೊಯ್ದರು. ಮುನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ರಾಜನು ನಮ್ಮ ಮತವನ್ನು ನಿಷೇಧಿಸಿದ ಮೇಲೆ ಊರ ಸ್ಮಶಾನದಲ್ಲಿ ನಮ್ಮವರಿಗೆ ಜಾಗ ಸಿಗಲಿಲ್ಲ. ಪ್ರತಿ ಮನೆಯವರೂ ತೀರಿಕೊಂಡವರನ್ನು ತಮ್ಮ ತಮ್ಮ ಹೊಲದಲ್ಲೇ, ಸೈಪ್ರಸ್ ಮರದಡಿ, ಹೆಸರಿನ ಕಲ್ಲೂ ಇಲ್ಲದೆ ಹೂಳುತ್ತಾ ಬಂದರು. ಯಾರು ಎಲ್ಲಿದ್ದಾರೆ ಎಂಬುದು ಬಾಯಿಂದ ಬಾಯಿಗೆ ಉಳಿದದ್ದು. ಅಜ್ಜಿಯಿಂದ ಕಲಿತ ಆ ಗೋರಿಗಳ ಸಾಲನ್ನು, ಒಂದೊಂದೇ ಹೆಸರು ಹೇಳುತ್ತಾ, ಅಬೆಲ್ ಅವರು ನಡೆಯುತ್ತಲೇ ಒಪ್ಪಿಸಿದರು.

“ನೋಡ್ಕೊಂಡು ಕಾಲಿಡಮ್ಮ. ನಮ್ಮ ಜುದಿತ್ ಅತ್ತೆಗೆ ಬದುಕಿದ್ದಾಗ್ಲೂ ಸಿಟ್ಟು ಮೂಗಿನ ತುದೀಲೇ ಇತ್ತು.”

ಆ ಸಾಲಿನಲ್ಲಿ ಸುಝಾನ್ ಎಂಬಾಕೆಯ ಪಕ್ಕ ಒಬ್ಬರ ಜಾಗ ಖಾಲಿ ಇತ್ತು. ಆಕೆಯ ಗಂಡ ಪಿಯೆರ್ ಆ ಹಿಂಸೆಯ ಕಾಲದಲ್ಲಿ ಮಡದಿಯನ್ನೂ ಕೈಗೂಸನ್ನೂ ಬಿಟ್ಟು ಗಡಿ ದಾಟಿದವನು. ‘ಬಂದೇ ಬರುತ್ತಾನೆ, ಜಾಗ ಬಿಟ್ಟಿರಿ’ ಎಂದು ಹೇಳಿ ಆಕೆ ಕಣ್ಣುಮುಚ್ಚಿದಳಂತೆ. ಅಂದಿನಿಂದ ಯಾರೂ ಅದನ್ನು ಮುಟ್ಟಿಲ್ಲ. ಸಾಲಿನಲ್ಲಿ ಬೇರೆ ಜಾಗ ಉಳಿಯದಿದ್ದರೂ ಅಬೆಲ್ ಅವರು ತಮ್ಮ ತಾಯಿಯನ್ನೂ ಬೇಲಿಯ ಮೂಲೆಯಲ್ಲೇ ಮಣ್ಣುಮಾಡಿದರು. ಆ ಕೂಸಿನ ಸಂತತಿಯಲ್ಲಿ ಈಗ ಉಳಿದಿರುವವರು ಅವರೊಬ್ಬರೇ.

ದೂರದಿಂದ ಬಂದವರಿಗೆಲ್ಲ ಚೆಸ್ಟ್‌ನಟ್ ಸೂಪು ಬಡಿಸಿ, ಒಂದುಗೂಡಿದ ಬಂಧುಗಳ ಫೋಟೋವನ್ನು ತಾವೇ ತೆಗೆದುಕೊಟ್ಟು, ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಅವರು ಕೈಬೀಸುತ್ತಾ ನಿಲ್ಲುತ್ತಿದ್ದರು. ಒಮ್ಮೆ ಮಾತ್ರ ಬಾಗಿಲಿಗೆ ಬೀಗ ಹಾಕುತ್ತಾ, “ಎಲ್ರಿಗೂ ಅವರವರ ಕಡೆಯವ್ರು ಸಿಕ್ತಾರೆ. ನನ್ನ ಹುಡುಕ್ಕೊಂಡು ಮಾತ್ರ ಒಬ್ರೂ ಬರ್ಲಿಲ್ಲ ನೋಡು,” ಎಂದರು.

ಕಳೆದ ಶರತ್ಕಾಲದಲ್ಲಿ ಕೊನೆಗೂ ಒಬ್ಬರು ಬಂದರು. ಕೇಪಿನ ಹೆಸ್ಟರ್ ಪಾಂತೆಲ್, ವಯಸ್ಸಾದ ಶಾಲಾ ಶಿಕ್ಷಕಿ. ಪಿಯೆರ್ ಅಲ್ಲಿ ಕಟ್ಟಿಕೊಂಡ ಎರಡನೆಯ ಸಂಸಾರದ ಕುಡಿ. ಅವರ ಮನೆಯ ಕಥೆಯಲ್ಲಿ ಪಿಯೆರ್ ಮತಕ್ಕಾಗಿ ಸರ್ವಸ್ವವನ್ನೂ ತೊರೆದು ಹಡಗು ಹತ್ತಿದ ಬ್ರಹ್ಮಚಾರಿ. ತಾವು ದೂರದ ದಾಯಾದಿ ಎಂದಷ್ಟೇ ಹೇಳಿ ಸುಝಾನಳ ಮಾತೆತ್ತದೆ ಇದ್ದಿದ್ದರೆ ಅಬೆಲ್ ಅವರಿಗೆ ಜೀವಮಾನದಲ್ಲಿ ಮೊದಲ ಬಾರಿಗೆ ಒಬ್ಬ ಬಂಧು ದಕ್ಕುತ್ತಿದ್ದರು. ನಾನಾಗಿದ್ದರೆ ಅಷ್ಟಕ್ಕೇ ಬಿಡುತ್ತಿದ್ದೆ. ಅಬೆಲ್ ಅವರು ಮಾತ್ರ ಹೆಸ್ಟರ್ ಅವರನ್ನು ನೇರ ಹೊಲಕ್ಕೆ ಕರೆತಂದರು.

“ಇಲ್ಲಿರೋಳು ಅವನ ಹೆಂಡ್ತಿ. ಇದು ಅವನ ಜಾಗ. ಸಾಯೋವರ್ಗೂ ಕಾದ್ಲು, ಮದಾಮ್.”

“ನಾವು ಅವನ ಹೆಸ್ರಲ್ಲಿ ವರ್ಷಾ ವರ್ಷಾ ಹಬ್ಬ ಮಾಡ್ತೀವಿ,” ಎಂದಷ್ಟೇ ಹೇಳಿದ ಹೆಸ್ಟರ್, ಹಿಂತಿರುಗಿ ನೋಡದೆ ಇಳಿದುಹೋದರು. ಇಬ್ಬರಿಗೆಂದು ಮಾಡಿದ್ದ ಸೂಪನ್ನು ಅಬೆಲ್ ಅವರು ಒಬ್ಬರೇ ಕುಡಿದರು.

ಮರುದಿನ ಬೆಳಗ್ಗೆ ನಾವು ಹೊಲಕ್ಕೆ ಹೋಗಿ ನೋಡಿದರೆ, ಹೆಸ್ಟರ್ ಸುಝಾನಳ ಬಳಿ ನಿಂತಿದ್ದರು.

“ಅವನಿನ್ನು ಬರಲ್ಲ, ಕಸಿನ್. ಅವನ ಮೂಳೆ ನಮ್ಮ ದ್ರಾಕ್ಷಿ ತೋಟದಲ್ಲಿದೆ. ಪಾಪ, ಇವಳು ಇನ್ನೆಷ್ಟು ಕಾಲ ಒಬ್ಳೇ ಮಲಗಿರ್ಬೇಕು? ಅವನ ಕಡೆಯವಳಾಗಿ ನಾನೇ ಹೇಳ್ತಿದೀನಿ, ಅಲ್ಲಿ ನೀವು ಮಲಗಿ.”

“ಈಗ್ಲೇನಾ? ಸೂಪು ಒಲೆ ಮೇಲಿದೆ, ಕುಡಿದು ಆಮೇಲೆ ನೋಡೋಣ,” ಎಂದ ಅಬೆಲ್ ಅವರ ಕಣ್ಣು ತುಂಬಿತ್ತು.

ಹೆಸ್ಟರ್ ತಮ್ಮೂರಿಗೆ ಮರಳಿದ್ದಾರೆ; ಅಬೆಲ್ ಅವರ ಮೇಜಿನ ಮೇಲೆ ಮತ್ತೆ ಒಂದೇ ತಟ್ಟೆ. ಅವರು ಕಲಿಸುತ್ತಿರುವ ಹೊಲದ ಸಾಲನ್ನು ನಾನಿನ್ನೂ ಅರ್ಧಕ್ಕೇ ತಪ್ಪುತ್ತೇನೆ, ಬೈದು ತಿದ್ದಲು ಅವರು ಬೇಕು. ಅವರಿಗೆ ಆಯುರಾರೋಗ್ಯಗಳು ಲಭಿಸಲಿ, ಕೈಗೆತ್ತಿಕೊಂಡ ಕೆಲಸ ಮುಂದುವರಿಯಲಿ. ಸುಝಾನ್ ಇಷ್ಟು ಕಾಲ ಕಾದವಳು. ನಮ್ಮ ಅಬೆಲ್ ಅವರಿಗಾಗಿ ಇನ್ನೂ ಬಹಳ ವರ್ಷ ಕಾಯಲಿ.