ಗೋಡೆಯಾಚೆಯ ಪುಟ್ಟಸ್ವಾಮಣ್ಣ

ಪುಟ್ಟಸ್ವಾಮಣ್ಣ ಗುಟ್ಟು ಹೇಳಿದರೂ ಬೀದಿಗೆಲ್ಲ ಕೇಳುತ್ತಿತ್ತು. ಜೀಪು, ಟ್ರ್ಯಾಕ್ಟರುಗಳ ನಡುವೆಯೇ ಆಯಸ್ಸು ಕಳೆದು ಕಿವಿ ಮಂದವಾಗಿತ್ತು. ಲೋಕವೆಲ್ಲ ತನ್ನಂತೆಯೇ ಎಂದುಕೊಂಡು ಕೂಗಿ ಮಾತಾಡುತ್ತಿದ್ದರು. ಹಾಸನದ ಕಡೆಯಿಂದ ಕುಶಾಲನಗರಕ್ಕೆ ಬಂದು ನೆಲೆಸಿದ ಮನೆತನ ಅವರದು. ನಾವು ಬಾಡಿಗೆಗೆ ಹಿಡಿದ ಮನೆಯ ಮಲಗುವ ಕೋಣೆಗೂ ಅವರ ಗ್ಯಾರೇಜಿಗೂ ನಡುವೆ ಇದ್ದದ್ದು ಒಂದೇ ಗೋಡೆ.

ನನ್ನ ಹೆಂಡತಿ ಸುಧಾ ಆಸ್ಪತ್ರೆಯಲ್ಲಿ ನರ್ಸು. ನೈಟ್ ಡ್ಯೂಟಿ ಮುಗಿಸಿ ಬಂದು ಅವಳು ದಿಂಬಿಗೆ ತಲೆ ಕೊಡುವುದಕ್ಕೂ ಆಚೆ ಸುತ್ತಿಗೆ ಬೀಳುವುದಕ್ಕೂ ಸರಿಹೋಗುತ್ತಿತ್ತು. ಒಂದು ಬೆಳಿಗ್ಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಹೊಸ್ತಿಲಲ್ಲೇ ಕೂತಳು. ನಿದ್ದೆಯ ಮಂಪರಿನಲ್ಲಿ ಒಬ್ಬ ರೋಗಿಯ ಮಾತ್ರೆಯನ್ನು ಇನ್ನೊಬ್ಬರಿಗೆ ಕೊಡಲು ಹೋಗಿ, ಕೊನೆ ಗಳಿಗೆಯಲ್ಲಿ ಎಚ್ಚೆತ್ತಿದ್ದಳಂತೆ. ಕೆಲಸ ಬಿಟ್ಟುಬಿಡುತ್ತೇನೆ ಎಂದಳು.

ಹೋಗಿ ಪುಟ್ಟಸ್ವಾಮಣ್ಣನಿಗೆ ಹೇಳಿದೆ. ಅವರು ಸುತ್ತಿಗೆ ಕೆಳಗಿಟ್ಟರು. ಅವರು ದನಿ ತಗ್ಗಿಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಇಷ್ಟು ದಿನ ಯಾಕೆ ಸುಮ್ನಿದ್ರಿ? ಸಿಸ್ಟರಮ್ಮ ನಿದ್ದೆಗೆಟ್ರೆ ಪೇಷೆಂಟುಗಳ ಗತಿ ಏನು?"

ಮೊದಲು ಸದ್ದು ತಡೆಯಲೆಂದು ಗೋಡೆಗೆಲ್ಲ ಮೊಟ್ಟೆ ಟ್ರೇ ಅಂಟಿಸಿದರು. ಸದ್ದು ಹಾಗೇ ಬಂತು, ಜೊತೆಗೆ ಇಲಿಗಳೂ ಬಂದವು. ಅದನ್ನೆಲ್ಲ ಕಿತ್ತೆಸೆದು, ಗೋಡೆಗೆ ಬೋಲ್ಟ್ ಹಾಕಿ ಕೂರಿಸಿದ್ದ ಕೆಲಸದ ಮೇಜನ್ನು ಬಿಚ್ಚಿದರು. ಏಟಿನ ಸದ್ದು ಅದರಿಂದಲೇ ಗೋಡೆಗೆ ಹತ್ತುತ್ತಿತ್ತು. ಮೇಜು ಗ್ಯಾರೇಜಿನ ನಡುವೆ ಹಳೆಯ ಟೈರುಗಳ ಮೇಲೆ ಕೂತಿತು. ಆಮೇಲೆ ಹಳೆ ಗೋಡೆಗೆ ತಾಗದಂತೆ ಸಂದು ಬಿಟ್ಟು ಇನ್ನೊಂದು ಇಟ್ಟಿಗೆ ಗೋಡೆ ಎಬ್ಬಿಸಿ, ಸಂದಿನೊಳಗೆ ಉಣ್ಣೆಯಂಥ ದಪ್ಪ ಹಾಸು ತುಂಬಿಸಿದರು. ಒಂದು ಜೀಪು ನಿಲ್ಲುವ ಜಾಗವೇ ಹೋಯಿತೆಂದು ಅವರ ಹೆಂಡತಿ ಗೌರಮ್ಮ ಗೊಣಗಿದರು. ಜೀಪು ಬೀದಿಯಲ್ಲಿ ನಿಂತರೆ ಅದಕ್ಕೇನು ಶೀತವಾಗುತ್ತದೆಯೇ ಎಂದು ಇವರು ಗದರಿದರು.

ಗೋಡೆ ಒಣಗಿದ ಮೇಲೆ ಪರೀಕ್ಷೆ. ತಮ್ಮ ಕಿವಿಯನ್ನು ಅವರೇ ನಂಬುತ್ತಿರಲಿಲ್ಲ. ನಮ್ಮ ಕೋಣೆಯಲ್ಲಿ ಮಲಗಿ, ಸದ್ದು ಕೇಳಿದೊಡನೆ ಬಂದು ಹೇಳುವಂತೆ ಗೌರಮ್ಮನನ್ನು ಕಳಿಸಿದರು. ಕಬ್ಬಿಣ ಬಡಿದರು, ಎಂಜಿನ್ ರೇಸ್ ಮಾಡಿದರು, ಕೊನೆಗೆ ಹಾರನ್ನೂ ಒತ್ತಿದರು. ಗೌರಮ್ಮ ಬರಲೇ ಇಲ್ಲ. ಗಾಬರಿಯಿಂದ ಹೋಗಿ ನೋಡಿದರೆ, ಗಾಢ ನಿದ್ದೆಯಲ್ಲಿದ್ದರು.

ನಾನು ಕರೆಯಹೋದೆ. ಪುಟ್ಟಸ್ವಾಮಣ್ಣ ಬಾಗಿಲಲ್ಲೇ ನನ್ನ ತೋಳು ಹಿಡಿದರು.

"ಎಬ್ಬಿಸ್ಬೇಡಿ. ಪಾಪ, ಇವಳೂ ನಿದ್ದೆ ಕೆಟ್ಟಿದ್ದಾಳೆ ಅಂತ ನಂಗೆ ತಿಳೀಲೇ ಇಲ್ಲ."

ಸುಧಾ ಕೆಲಸ ಬಿಡಲಿಲ್ಲ. ಮರುದಿನ ಮಧ್ಯಾಹ್ನ ಎದ್ದವಳು, ಇವತ್ತು ಗ್ಯಾರೇಜಿಗೆ ರಜೆಯೇ ಎಂದು ಕೇಳಿದಳು.

ಹೋದ ವರ್ಷ ಪುಟ್ಟಸ್ವಾಮಣ್ಣನಿಗೆ ಹೃದಯದ ಆಪರೇಷನ್ ಆಯಿತು. ಗ್ಯಾರೇಜು ಮುಚ್ಚಿ ಕೊಡ್ಲಿಪೇಟೆಯ ಮಗಳ ಮನೆಗೆ ಹೋದರು. ಈಚೆಗೆ ನಾವಿಬ್ಬರೂ ನೋಡಲು ಹೋದೆವು. ಅವರು ಅಂಗಳದ ಬಿಸಿಲಲ್ಲಿ ಕೂತು ಮೊಮ್ಮಗಳ ಸೈಕಲ್ ಚೈನಿಗೆ ಎಣ್ಣೆ ಬಿಡುತ್ತಿದ್ದರು. ಇಳಿದುಹೋಗಿದ್ದರು, ಆದರೆ ಊಟ ಮಾಡಿಸದೆ ನಮ್ಮನ್ನು ಬಿಡಲಿಲ್ಲ. ಹೊರಡುವಾಗ ಸುಧಾ ಪುಟ್ಟಸ್ವಾಮಣ್ಣನ ಮುಂಗೈ ಹಿಡಿದು ತುಂಬ ಹೊತ್ತು ನಿಂತಳು.

ಕಾರು ತಿರುವು ದಾಟಿದ ಮೇಲೆ ಕಣ್ಣೊರೆಸಿಕೊಂಡಳು.

"ನಾಡಿ ಚೆನ್ನಾಗಿದೆ ಕಣ್ರೀ."