ಗುಂಡಗುರ್ತಿಗೆ ಕಟ್ಟಿದ ಬ್ಯಾನರ್

ವಾಡಿಯ ಸ್ಟೇಷನ್ ರಸ್ತೆಯಲ್ಲಿ ನಮ್ಮ ಡಿಸೈನ್ ಅಂಗಡಿ ಇತ್ತು. ಫೋಟೋ, ಬಣ್ಣ ನಾನು ನೋಡಿಕೊಳ್ಳುತ್ತಿದ್ದೆ. ಟೈಪಿಂಗ್ ಎಲ್ಲ ಹೆಂಡತಿಯದು. ಅದಕ್ಕೂ ಮೊದಲು ನಾನು ಶಹಾಬಾದಿನ ಪೇಂಟರ್ ಚಾಚಾ ಒಬ್ಬರ ಹತ್ತಿರ ಬೋರ್ಡು ಬರೆಯಲು ಕಲಿತವನು. ಕನ್ನಡವನ್ನೂ ಉರ್ದುವನ್ನೂ ಅಷ್ಟೇ ಅಂದವಾಗಿ ಬರೆಯುತ್ತಿದ್ದ ಅವರೇ ಒಂದು ದಿನ, "ಬೇಟಾ, ಬ್ರಷ್ ಬಿಡು, ಕಂಪ್ಯೂಟರ್ ಕಲಿ. ಇದರಾಗ ಇನ್ನ ಹೊಟ್ಟಿ ತುಂಬಂಗಿಲ್ಲ" ಎಂದು ಕಳಿಸಿಕೊಟ್ಟರು.

ಕಲಿತೆ. ಲಗ್ನಪತ್ರಿಕೆಗಳು ಬಂದವು. ಫ್ಲೆಕ್ಸ್ ಬಂದಮೇಲಂತೂ ಊಟಕ್ಕೆ ಪುರುಸೊತ್ತು ಇರಲಿಲ್ಲ. ಚಿತ್ತಾಪುರ, ಸೇಡಂ ಕಡೆಯಿಂದಲೂ ಜನ ಬರುತ್ತಿದ್ದರು. ಕಲಬುರಗಿಯಲ್ಲಿ ಪ್ರಿಂಟಾದ ಬ್ಯಾನರುಗಳ ಸುರುಳಿ ಸಂಜೆ ರೈಲಿಗೆ ಬರುತ್ತಿತ್ತು.

ಗುಂಡಗುರ್ತಿಯ ಹಿರಿಯರೊಬ್ಬರು ತಮ್ಮ ಹೆಣ್ಣುಮಕ್ಕಳೆಲ್ಲರ ಲಗ್ನಪತ್ರಿಕೆ ನಮ್ಮಲ್ಲೇ ಮಾಡಿಸಿದ್ದರು. ಸಣ್ಣವರಿದ್ದಾಗ ಜೋಳದ ದಂಟು ಬಡಿದು ಆ ಹಿರಿಯರ ಎಡಗಣ್ಣು ಮುಚ್ಚಿಹೋಗಿತ್ತು. ಬಲಗಣ್ಣನ್ನು ಪರದೆಗೆ ಹಚ್ಚಿದಂತೆ ಕುಳಿತು ಒಂದೊಂದೇ ಹೆಸರು ಓದುತ್ತಿದ್ದರು. "ಯವ್ವಾ, ನಮ್ಮ ಬೀಗರ ಹೆಸರಿಗಿ ದೀರ್ಘ ಬಿಟ್ಟೀದಿ ನೋಡು" ಎಂದರೆ ನನ್ನ ಹೆಂಡತಿ ನಾಲಿಗೆ ಕಚ್ಚಿಕೊಂಡು ತಿದ್ದುತ್ತಿದ್ದಳು.

ಆಮೇಲೆ ಹುಡುಗರು ಹುಟ್ಟುಹಬ್ಬದ ಚಿತ್ರಗಳನ್ನು ಫೋನಿನಲ್ಲೇ ಮಾಡಿಕೊಳ್ಳತೊಡಗಿದರು. ಲಗ್ನಪತ್ರಿಕೆಯೂ ಫೋನಿಗೆ ಹೋಯಿತು. ಈಗ ಬಾಯಲ್ಲಿ ಹೇಳಿದರೆ ಸಾಕು, ಫೋನಿನ ಎಐ ತಾನೇ ಚಿತ್ರ ಮಾಡಿಕೊಡುತ್ತದೆ.

ಹೋದ ವರ್ಷ ಆ ಹಿರಿಯರು ತೀರಿಕೊಂಡರು. ಶ್ರದ್ಧಾಂಜಲಿ ಬ್ಯಾನರಿಗಾಗಿ ಮಗ ಅಂಗಡಿಗೆ ಬಂದ.

"ಸರ, ಡಿಸೈನ್ ಆಗ್ಯಾದ್ರಿ. ಬರೇ ಸೈಜ್ ಹಾಕಿ ಪ್ರಿಂಟಿಗಿ ಕಳಸ್ರಿ."

ಫೋನಿನಲ್ಲಿ ಬಿಳಿ ರುಮಾಲಿನ ಒಬ್ಬ ಗಂಡಸು ಎರಡೂ ಕಣ್ಣು ಬಿಟ್ಟು ನಗುತ್ತಿದ್ದ. ಗಲ್ಲದ ಮೇಲೆ ಒಂದೂ ಗೆರೆ ಇರಲಿಲ್ಲ.

"ತಮ್ಮಾ, ಇವರು ನಿಮ್ಮಪ್ಪ ಅಲ್ಲ."

"ಅಪ್ಪನ ಫೋಟೋನೇ ಹಾಕೀನ್ರಿ. ಎಐನೇ ತಿದ್ದಿ ಕೊಟ್ಟದ. ಎರಡೂ ಕಣ್ಣಿದ್ರ ಚಂದ ಕಾಣ್ತದಲ್ರಿ."

"ಅವರ ಹಳೇ ಫೋಟೋ ನನ್ನ ಹತ್ರ ಅದ. ಪುಕ್ಕಟ ಮಾಡಿಕೊಡ್ತೀನಿ."

"ಬ್ಯಾಡ್ರಿ, ಅಣ್ಣತಮ್ಮರೆಲ್ಲ ಇದನ್ನೇ ಒಪ್ಯಾರ."

ಕೆಳಗೆ 'ಶ್ರದ್ಧಾಂಜಲಿ'ಯ ಒತ್ತಕ್ಷರ ತಪ್ಪಿತ್ತು. ಅದನ್ನಾದರೂ ಸರಿ ಮಾಡುತ್ತೇನೆ ಎಂದಳು ಹೆಂಡತಿ. "ಇರಲಿ ಬಿಡ್ರಿ ಅಕ್ಕಾರ, ಯಾರು ಓದ್ತಾರ?" ಎಂದ. ಆಕೆ ತಿದ್ದಿದಳು. ಅವನು ಗಮನಿಸಲೇ ಇಲ್ಲ.

ಬ್ಯಾನರ್ ಕಟ್ಟಲು ನಾನೇ ಗುಂಡಗುರ್ತಿಗೆ ಹೋದೆ. ಬಿಚ್ಚಿ ಗೋಡೆಗೆ ಹಿಡಿದಾಗ ಹಿರಿಯರ ಹೆಂಡತಿ ಹೊರಗೆ ಬಂದು ಭಾಳ ಹೊತ್ತು ನೋಡಿದರು.

"ಇಂವ ಯಾರೋ ಯಪ್ಪಾ?" ಎಂದು ಮಗನನ್ನು ಕೇಳಿದರು.

"ಅಪ್ಪನೇ ಬೇ."

"ನಿಮ್ಮಪ್ಪನ ಗುರ್ತ ನನಗ ಸಿಗಂಗಿಲ್ಲೇನು? ಇಂವ ನಮ್ಮಾಂವ ಅಲ್ಲ."

ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ಮಗ ತಲೆ ಎತ್ತಲಿಲ್ಲ. "ಕಟ್ರಿ ಸರ, ಮಂದಿ ಬರಾಕತ್ತಾರ" ಎಂದ. ಕಟ್ಟಿದೆ.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಆಕೆ, "ಇನ್ನ ಆ ಅಂಗಡ್ಯಾಗ ಯಾಕ ಕುಂದರಬೇಕ್ರಿ ನಾವು?" ಎಂದಳು.

ದೀಪಾವಳಿಗೆ ಮುಂಚೆ ಅಂಗಡಿ ಬಿಟ್ಟೆವು. ಆಕೆ ಈಗ ಬಟ್ಟೆ ಅಂಗಡಿಯೊಂದರಲ್ಲಿ ಬಿಲ್ ಮಾಡುತ್ತಾಳೆ. ನಾನು ಸಿಮೆಂಟ್ ಲಾರಿಗಳು ನಿಲ್ಲುವ ಗೇಟಿನಲ್ಲಿ ಕಾವಲು ಕೂರುತ್ತೇನೆ. ಅಂಗಡಿ ಯಾಕೆ ಮುಚ್ಚಿದಿರಿ ಎಂದು ಯಾರಾದರೂ ಕೇಳಿಯಾರು ಅಂದುಕೊಂಡಿದ್ದೆ. ಇಲ್ಲಿಯತನಕ ಒಬ್ಬರೂ ಕೇಳಿಲ್ಲ.