ಅತ್ತೆಯ ಕೋಣೆಗೆ ಜೋಡಿ ಗಾಜು

ಕಿಟಕಿಗಳಿಗೆ ಗಾಜು ಕೂರಿಸುವ ಮೇಸ್ತ್ರಿಗೆ ಜನ ಇಟ್ಟ ಹೆಸರು ತಂಪಣ್ಣ. ‘ಬಿಸಿಲು ಹೊರಗೆ, ತಂಪು ಒಳಗೆ’ ಎನ್ನುವುದು ಅವನ ಬಾಯಿಪಾಠ. ಮನೆಯಲ್ಲಿ ಮಾತ್ರ ಅವನ ಮಾತಿಗೆ ಕವಡೆ ಕಿಮ್ಮತ್ತಿರಲಿಲ್ಲ. ಹೆಂಡತಿ ಗುಡುಗಿದಾಗ ಅವನ ಪರ ನಿಲ್ಲುತ್ತಿದ್ದುದು ಒಂದೇ ಜೀವ, ಅವನ ಅತ್ತೆ. ಅತ್ತೆಯೇ ಅಳಿಯನ ವಕೀಲೆ! ಇಂಥ ಪುಣ್ಯ ಯಾರಿಗುಂಟು?

ಆದರೆ ಅತ್ತೆಯದು ಪಡುವಣ ಕೋಣೆ. ಬೇಸಿಗೆಯ ಮಧ್ಯಾಹ್ನ ಅಲ್ಲಿ ಮಂಚದ ಕಬ್ಬಿಣ ಮುಟ್ಟಿದರೆ ಕೈ ಚುರ್ರೆನ್ನುತ್ತಿತ್ತು. ಇದನ್ನು ಕೇಳಿದ ಷಡ್ಡಕ, ಅಂದರೆ ನಾದಿನಿಯ ಗಂಡ, “ನಮ್ಮನೇಲಿ ಎ.ಸಿ. ಇದೆ. ಭಾನುವಾರ ಬಂದು ಅತ್ತೇನ ಕರ್ಕೊಂಡ್ ಹೋಗ್ತೀನಿ” ಎಂದ. ತಂಪಣ್ಣ ಲೆಕ್ಕ ಹಾಕಿದ: ವಕೀಲೆ ಹೋದರೆ ಕೇಸು ಸೋತಂತೆಯೇ.

ಮರುದಿನವೇ ಜೋಡಿ ಗಾಜು ತಂದ. ಎರಡು ಗಾಜುಗಳ ನಡುವೆ ಗಾಳಿ ಬಂದಿ. ಹೊರಗಿನ ಗಾಜಿನ ಒಳಮೈಗೆ ಬಿಸಿಲಿನ ಕಾವನ್ನು ಹಿಂದಕ್ಕಟ್ಟುವ ತೆಳು ಲೇಪ. ಅದರ ಹೊರಮೈಯ ಮೂಲೆಯಲ್ಲಿ ಕಂಪನಿಯ ಹೆಸರಿನ ಚಿನ್ನದ ಬಣ್ಣದ ಚೀಟಿ. ಅದನ್ನು ಹೊರಮುಖ ಮಾಡಿದರೆ ಓದುವವರು ಯಾರು, ಕಾಗೆಗಳೇ? ಷಡ್ಡಕನ ಮುಖ ಬಾಡುವುದನ್ನು ನೆನೆನೆನೆದು, ಚೀಟಿ ಒಳಗೆ ಕಾಣುವಂತೆ ಗಾಜನ್ನೇ ತಿರುಗಿಸಿ ಕೂರಿಸಿಬಿಟ್ಟ. ಬಡಾಯಿ ಬಂದಾಗ ಬುದ್ಧಿ ಮೇಯಲು ಹೋಗುತ್ತದೆ.

ಭಾನುವಾರ ಷಡ್ಡಕ ಬಂದ. ಕೋಣೆ ಇನ್ನೂ ಕಾದ ಬಾಣಲೆಯೇ. ಅವನು ಕನ್ನಡಕ ಏರಿಸಿ ಚೀಟಿಯ ಕೆಳಗಿನ ಸಣ್ಣ ಅಕ್ಷರ ಓದಿದ: “‘ಈ ಮಗ್ಗುಲು ಹೊರಕ್ಕೆ.’ ಅಲ್ಲ ಅಣ್ಣ, ನಾವೀಗ ಹೊರಗಿದ್ದೀವಾ?”

ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು. “ಕಾವನ್ನ ಕರೆದು ಕೂರಿಸಿದ್ದೀರಿ ಬಿಡಿ.”

ತಂಪಣ್ಣ ಅತ್ತೆಯ ಕಡೆ ತಿರುಗಿದ. “ತಪ್ಪು ನಂದೇ ಅತ್ತೆ. ಇವತ್ತೇ ತಿರುಗಿಸ್ತೀನಿ. ನಾಳೆ ಮಧ್ಯಾಹ್ನದವರೆಗೆ ಇರಿ, ಆಮೇಲೆ ನಿಮ್ಮಿಷ್ಟ.”

ಅತ್ತೆ ಕಟ್ಟಿದ ಚೀಲವನ್ನು ಮಂಚದ ಕೆಳಗೆ ತಳ್ಳಿದರು. “ಇಷ್ಟು ವರ್ಷ ಕಾದಿದ್ದೀನಿ, ಒಂದು ದಿನ ಹೆಚ್ಚೇ?” ಎಂದು ಷಡ್ಡಕನತ್ತ ತಿರುಗಿದರು. “ನಾಳೆ ಬಾರಪ್ಪ.”

ತಂಪಣ್ಣ ಬೆವರು ಸುರಿಸಿ ಗಾಜು ಬಿಚ್ಚಿದ, ಮಗುಚಿ ಕೂರಿಸಿದ, ಸಂದುಗಳಿಗೆಲ್ಲ ಅಂಟು ತುಂಬಿದ.

ಮರುದಿನ ಷಡ್ಡಕ ಕಾರು ತಂದಾಗ ನೆತ್ತಿಯ ಸೂರ್ಯ ಪಡುವಣಕ್ಕೆ ವಾಲಿದ್ದ. ತಂಪಣ್ಣ ಕೋಣೆಯ ಬಾಗಿಲಿಗೆ ಕಿವಿಗೊಟ್ಟು ನಿಂತಿದ್ದ. ಒಳಗಿನಿಂದ ಸಣ್ಣಗೆ ಗೊರಕೆ ಕೇಳುತ್ತಿತ್ತು.

“ಅತ್ತೆ, ಹೊರಡೋಣ್ವಾ?” ಎಂದು ಷಡ್ಡಕ ಬಾಗಿಲು ತೆರೆದು ಕೂಗಿದ.

ಗೊರಕೆ ನಿಂತಿತು. “ನೀನು ಹೋಗಪ್ಪ. ಬಾಗಿಲು ಎಳ್ಕೊಂಡ್ ಹೋಗು, ಕಾವು ಬರುತ್ತೆ.”